ನಮಗೇನೂ ಕಮ್ಮಿ ಇಲ್ಲ

“ಯಾರ್ರೀ ನೀವು?! ನಮ್ಮನೆ ಅಡುಗೆಮನೇಲಿ ನಿಮಗೇನು ಕೆಲಸ?”

ಚೂಟಿಯ ಕೈಯಲ್ಲಿ ಕೊಡೆಯಿತ್ತು. ಅದನ್ನೇ ಕತ್ತಿಯ ಹಾಗೆ ಮುಂದಕ್ಕೆ ಹಿಡಿದು ನಿಂತಿದ್ದಳು. ಕಾಲೇಜು ಮುಗಿಸಿ ಬಂದರೆ ಮನೆಯ ಬಾಗಿಲು ಹಾರುಹೊಡೆದಿದೆ. ಒಳಗೆ ಬಂದು ನೋಡಿದರೆ... ಗುರುತು ಪರಿಚಯವಿಲ್ಲದ ಗಂಡಸೊಬ್ಬ ಮೇಲಿನ ಹಲಗೆಗೆ ಕೈ ಚಾಚಿ ಡಬ್ಬಿಗಳ ಸಾಲಿನಲ್ಲಿ ಕೈಯಾಡಿಸುತ್ತಿದ್ದಾನೆ!

ಅವನು ಬೆಚ್ಚಿ ತಿರುಗಿದ. ತಿರುಗಿದ ರಭಸಕ್ಕೆ ತಲೆ ಹಲಗೆಯ ಅಂಚಿಗೆ ‘ಠಣ್’ ಅಂತ ಬಡಿಯಿತು.

“ಅಯ್ಯೋ... ಅಮ್ಮಾ!”

“ಅಮ್ಮನ್ನ ಆಮೇಲೆ ಕರೀರಿ. ಮೊದಲು ಕೈ ಕೆಳಗಿಳಿಸಿ!”

“ಏ ಚೂಟಿ!” ಹಿಂದಿನಿಂದ ಅಜ್ಜಿಯ ಗದರಿಕೆ. “ಮನೆಗೆ ಬಂದೋರಿಗೆ ಕೊಡೆ ತೋರಿಸ್ತಾರೇನೇ? ನಾನೇ ಹೇಳಿದ್ದು ಅವನಿಗೆ, ಸಕ್ಕರೆ ಡಬ್ಬಿ ತೆಗೆದುಕೊಡಪ್ಪಾ ಅಂತ. ಒಳ್ಳೇ ಏಣಿ ಹಾಗಿದ್ದಾನೆ, ನನಗೆ ಸ್ಟೂಲು ಹತ್ತೋ ಕಷ್ಟ ತಪ್ಪಿತು.”

ಏಣಿ ಹಣೆ ಉಜ್ಜಿಕೊಳ್ಳುತ್ತಾ ಮುಂದೆ ಬಂದ. ಉಜ್ಜಿಕೊಂಡರೂ ಮುಖದಲ್ಲಿ ಕೋಪವಿರಲಿಲ್ಲ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಆಗ ಅವಳ ಕಣ್ಣಿಗೆ ಬಿತ್ತು.

ವಿದ್ಯಾರ್ಥಿ ನೆರವು ನಿಧಿ.

ಕೊಡೆ ತಾನಾಗಿಯೇ ಕೆಳಗಿಳಿಯಿತು.

‘ಸತ್ತೆ!’ ಅಂದುಕೊಂಡಳು ಚೂಟಿ. ‘ಮನೆ ಪರಿಶೀಲನೆಗೆ ಬಂದವನಿಗೇ ಕೊಡೆ ಹಿಡಿದೆನಾ?’

ಫಿಸಿಯೋಥೆರಪಿ ಎರಡನೇ ವರ್ಷ ಅವಳದು. ಬಣ್ಣದ ಕೆಲಸ ಮಾಡುತ್ತಿದ್ದ ಅಪ್ಪ ಕಟ್ಟಡದಿಂದ ಬಿದ್ದು ಹಾಸಿಗೆ ಹಿಡಿದಾಗ, ಅವರ ಕಾಲು ಉಜ್ಜುತ್ತಾ ಉಜ್ಜುತ್ತಾ ಹುಟ್ಟಿದ ಹಠ ಅದು. ಅಪ್ಪ ಉಳಿಯಲಿಲ್ಲ, ಹಠ ಉಳಿಯಿತು. ಅಮ್ಮ ಕಾರ್ಖಾನೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಆ ಸಂಬಳದಲ್ಲಿ ಮನೆ ನಡೆಯುತ್ತದೆ, ಓದು ನಡೆಯುವುದಿಲ್ಲ. ಓದು ನಡೆಯುವುದು ಈ ನಿಧಿಯಿಂದ.

ಆದರೆ ನಿಧಿಯ ಷರತ್ತುಗಳು ಒಂದೆರಡಲ್ಲ. ಮನೆಯ ಆದಾಯ ಮಿತಿ ಮೀರಬಾರದು. ಪ್ರತಿ ಪರೀಕ್ಷೆಯಲ್ಲೂ ಅಂಕ ಇಳಿಯಬಾರದು. ಪ್ರತಿವರ್ಷ ಯಾರಾದರೊಬ್ಬರು ಹೇಳದೆ ಕೇಳದೆ ಮನೆಗೆ ಬಂದು ನೋಡುತ್ತಾರೆ. ಆದಾಯದ ಲೆಕ್ಕದಲ್ಲಿ ಸುಳ್ಳು ಸಿಕ್ಕಿತೋ, ಆ ವಿದ್ಯಾರ್ಥಿಗೆ ಆ ಬಾಗಿಲು ಮತ್ತೆಂದೂ ತೆರೆಯುವುದಿಲ್ಲ.

“ಕೂತ್ಕೊಳ್ಳಿ ಸಾರ್... ಸಾರಿ ಸಾರ್... ನಾನು ಕಳ್ಳ ಅಂತ...”

“ಪರವಾಗಿಲ್ಲ,” ಅಂದ ಅವನು, ಮುಂದಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂರುತ್ತಾ. “ಅಜ್ಜಿ ಹತ್ರ ಎಲ್ಲಾ ಕೇಳ್ತಿದ್ದೆ. ಇನ್ನೇನು ಮುಗೀತು.”

ಚೂಟಿ ಥಟ್ಟನೆ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಹತ್ರ?

“ಏನೇನು ಹೇಳಿದೆ ಅಜ್ಜಿ?”

“ಇರೋದನ್ನ ಹೇಳಿದೆ,” ಅಂದಳು ಅಜ್ಜಿ, ಅವನೆದುರು ಕೂತು ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಾ. “ನಮಗೇನಪ್ಪಾ ಕಮ್ಮಿ? ಸೊಸೆ ಕಾರ್ಖಾನೆಗೇ ಮೇಲ್ವಿಚಾರಕಿ. ಮೂರು ಹೊತ್ತೂ ಒಲೆ ಉರಿಯುತ್ತೆ. ಅಗೋ, ಬಟ್ಟೆ ಒಗೆಯೋ ಮಷೀನೂ ಬಂತು!”

ಮುಂದಿನ ಕೋಣೆಯ ಅರ್ಧ ಜಾಗ ನುಂಗಿಕೊಂಡು ಹೊಚ್ಚಹೊಸ ವಾಷಿಂಗ್ ಮಷೀನ್ ಥಳಥಳ ಹೊಳೆಯುತ್ತಿತ್ತು.

“ಅದು ನಮ್ಮದಲ್ಲ ಸಾರ್! ಮೇಲಿನ ಮನೆಯವರದು! ಮೆಟ್ಟಿಲ ತಿರುವಲ್ಲಿ ಸಿಕ್ಕಿಹಾಕ್ಕೊಳ್ತು, ಅದಕ್ಕೇ ಇಲ್ಲಿಟ್ಟಿದ್ದಾರೆ! ಅಮ್ಮ ಮೇಲ್ವಿಚಾರಕಿನೂ ಅಲ್ಲ!”

ಅವನು ಅಜ್ಜಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ. ಆ ಬರಹವೇ ಚೂಟಿಯನ್ನು ಹೆದರಿಸಿತು. ಎರಡು ವರ್ಷದ ಶ್ರಮ, ಅಮ್ಮನ ಸವೆದ ಬೆರಳು, ಮುಂದಿನ ಬದುಕು... ಎಲ್ಲ ಈ ಉದ್ದನೆಯ ಮನುಷ್ಯನ ಕೈಯಲ್ಲಿದೆ ಅನ್ನಿಸಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ಅಜ್ಜಿ ಮಾತು ತಲೆಗೆ ಹಾಕ್ಕೋಬೇಡಿ ಸಾರ್. ಅವರಿಗೆ... ಮರೆವು. ವಯಸ್ಸಾಯ್ತಲ್ಲ... ಬುದ್ಧಿ ಸ್ವಲ್ಪ ಹಿಂದುಮುಂದು.”

ಅಜ್ಜಿ ಮೊಮ್ಮಗಳನ್ನೇ ನೋಡಿದಳು. ಬೈಯಲಿಲ್ಲ. ಗೋಡೆಗೆ ಕೈಯೂರಿ ನಿಧಾನ ಎದ್ದಳು.

“ಹೌದಪ್ಪಾ. ನನಗೆ ಬುದ್ಧಿ ಸರಿಯಿಲ್ಲ. ಇವಳು ಓದಿದೋಳು, ಇವಳನ್ನೇ ಕೇಳು.”

ಒಳಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಅವನೂ ಎದ್ದ. ಚೂಟಿ ಮೆಟ್ಟಿಲವರೆಗೆ ಅವನ ಹಿಂದೆಯೇ ಓಡಿದಳು.

“ಸಾರ್, ನಾನು ಹೇಳಿದ್ದನ್ನೇ ಬರೀತೀರಲ್ಲ? ದಯವಿಟ್ಟು...”

“ನಾನು ಕಂಡಿದ್ದು, ಕೇಳಿದ್ದು ಬರೀತೀನಿ. ಅಷ್ಟೇ ನನ್ನ ಕೆಲಸ.” ಎರಡು ಮೆಟ್ಟಿಲು ಇಳಿದು ನಿಂತ. ಈಗ ಅವನ ಮುಖ ಅವಳ ಮುಖದ ಮಟ್ಟಕ್ಕೆ ಬಂದಿತ್ತು. “ಒಂದು ಮಾತು. ಅವರ ಎದುರಿಗೇ ಹಾಗನ್ನಬಾರದಿತ್ತು.”

ಚೂಟಿಯ ಕಿವಿ ಕೆಂಪಾಯಿತು. ‘ಇವನ್ಯಾರು ನನಗೆ ಬುದ್ಧಿ ಹೇಳೋಕೆ?’ ಅಂದುಕೊಂಡಳು. ಅವನು ಹೇಳಿದ್ದು ನಿಜ ಅನ್ನುವುದೇ ಜಾಸ್ತಿ ಉರಿಸುತ್ತಿತ್ತು.

*

ಅಂದಿನಿಂದ ಅಜ್ಜಿ ಅವಳ ಜೊತೆ ಮಾತು ಬಿಟ್ಟಳು.

ಊಟಕ್ಕೆ ಕರೆಯುತ್ತಿದ್ದಳು, ಗೋಡೆಗೆ ಹೇಳಿದ ಹಾಗೆ. “ಅನ್ನ ಆರ್ತಿದೆ, ತಿನ್ನೋರು ತಿನ್ನಬಹುದು.” ಅಮ್ಮ ಇಬ್ಬರ ಮುಖವನ್ನೂ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಹಗಲೆಲ್ಲ ಹೊಲಿದು ಬಂದವಳಿಗೆ ಹರಿದ ಮಾತು ಹೊಲಿಯುವ ಶಕ್ತಿ ಉಳಿದಿರುತ್ತಿರಲಿಲ್ಲ.

ಸಾಲದ್ದಕ್ಕೆ, ಮರುವಾರವೇ ಆ ಏಣಿ ಆಸ್ಪತ್ರೆಯಲ್ಲಿ ಎದುರಾದ!

ಕಾಲೇಜಿಗೆ ಸೇರಿದ ಆಸ್ಪತ್ರೆಯ ಹೊರರೋಗಿ ವಿಭಾಗ. ವಿದ್ಯಾರ್ಥಿಗಳೇ ವ್ಯಾಯಾಮ ಮಾಡಿಸಬೇಕು, ಗುರುಗಳು ಪಕ್ಕದಲ್ಲಿ ನಿಂತು ನೋಡುತ್ತಾರೆ. ಚೂಟಿ ಪರದೆ ಸರಿಸಿದಳು. ಮಂಚದ ಮೇಲೆ ಅವನು, ಕತ್ತು ಒಂದು ಪಕ್ಕಕ್ಕೆ ವಾಲಿಸಿಕೊಂಡು ಕೂತಿದ್ದ.

“ನೀವಾ?!”

“ನೀವಾ?” ಅಂದವನು ತಿರುಗಲು ಹೋಗಿ, “ಆ... ಆ...” ಅಂತ ಅಲ್ಲೇ ನಿಂತ.

“ನಮ್ಮನೆ ಹಲಗೆ ಹೊಡೆದಿದ್ದಾ?”

“ನಿಮ್ಮನೆ ಹಲಗೆ ಒಂದೇ ಅಲ್ಲ. ಊರಲ್ಲಿರೋ ಬಾಗಿಲೆಲ್ಲಾ ನನ್ನ ಮೇಲೆ ಹಗೆ ಸಾಧಿಸ್ತಿವೆ. ದಿನಾ ತಗ್ಗಿ ತಗ್ಗಿ ಕತ್ತು ಹಿಡಿದಿದೆ.”

ನಗಬಾರದು ಅಂದುಕೊಂಡಿದ್ದಳು. ನಕ್ಕುಬಿಟ್ಟಳು.

ವಾರವಿಡೀ ಬಂದ. ಅವಳು ಅವನ ಕತ್ತಿನ ಸ್ನಾಯುಗಳನ್ನು ಬೆರಳಿನಿಂದ ಹುಡುಕಿ ಸಡಿಲಿಸಿದಳು. ಭುಜ ಇಳಿಸಿ ಅಂದಳು, ಉಸಿರು ಬಿಡಿ ಅಂದಳು. “ಎಲ್ಲರ ಮನೆ ಭಾರ ನೀವೇ ಹೊತ್ಕೊಂಡ ಹಾಗಿದೆಯಲ್ರೀ ಭುಜ!” ಅಂತ ಗದರಿದಳು. ಅವನು ಮೆಲ್ಲಗೆ ಮಾತಾಡುತ್ತಿದ್ದ. ಹೋದ ಮನೆಗಳಲ್ಲೆಲ್ಲ ಜನ ಅವನನ್ನು ಕಂಡರೆ ಹೇಗೆ ಹೆದರುತ್ತಾರೆ, ಮಕ್ಕಳು ಆಟಿಕೆ ಬಚ್ಚಿಡುತ್ತಾರೆ, ಆಮೇಲೆ ಬಸ್ಸಿನಲ್ಲಿ ಕೂತು ತನಗೆ ಹೇಗೆ ಸಂಕಟವಾಗುತ್ತದೆ... ಎಲ್ಲವನ್ನೂ. ಅವಳ ಕೆಲಸ ನೋಡಿ ಗುರುಗಳು “ಒಳ್ಳೇ ಕೈ” ಅಂದಾಗ ಅವಳಿಗಿಂತ ಮೊದಲು ಅವನ ಮುಖ ಅರಳಿತ್ತು.

ಒಂದೇ ಒಂದು ವಿಷಯ ಮಾತ್ರ ಅವನು ಎತ್ತಲಿಲ್ಲ. ಅವಳು ಕೇಳಲೂ ಇಲ್ಲ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಕಣ್ಣು ಬಿಟ್ಟಿತ್ತು. ‘ಇಷ್ಟು ಮೆತ್ತಗಿನ ಮನುಷ್ಯ... ನಮಗೆ ಕೆಟ್ಟದ್ದು ಬರೆದಿರ್ತಾನಾ? ಛೇ!’

ಕೊನೆಯ ದಿನ ಅವನು ಹೊರಡುವಾಗ ಪರದೆ ಹಿಡಿದು ನಿಂತ.

“ನಿಮ್ಮ ಹತ್ರ ಒಂದು ಮಾತು...”

ಚೂಟಿ ಮಡಿಸುತ್ತಿದ್ದ ಟವೆಲನ್ನು ಹಾಗೇ ಬಿಟ್ಟಳು. “ಏನು?”

ಅವನು ಪರದೆಯ ಅಂಚು ತಿರುಚಿದ. “...ಬೇಡ. ಈಗ ಬೇಡ.”

ಅಷ್ಟೇ. ಹೋಗಿಬಿಟ್ಟ. ಅವತ್ತು ಪೂರ್ತಿ ಅವಳಿಗೆ ಮೊಣಕಾಲಿನ ಸ್ನಾಯುಗಳ ಹೆಸರು ಒಂದೂ ನೆನಪಾಗಲಿಲ್ಲ!

ಮರುದಿನ ಬೆಳಗ್ಗೆ ಫೋನಿಗೆ ಸಂದೇಶ ಬಂತು.

‘ನಿಮ್ಮ ನೆರವನ್ನು ತಡೆಹಿಡಿಯಲಾಗಿದೆ. ಮನೆಯವರ ಹೇಳಿಕೆಗಳಲ್ಲಿ ವ್ಯತ್ಯಾಸ ಕಂಡುಬಂದಿದೆ.’

*

ನಿಧಿಯ ಕಚೇರಿಗೆ ಅವಳು ಹೋದದ್ದು ನಡೆದಲ್ಲ, ಹಾರಿಕೊಂಡು. ಅವನು ಹೊರಗಿನ ಹಜಾರದಲ್ಲೇ ಸಿಕ್ಕ.

“ನೀವು ತಾನೇ ಬರೆದಿದ್ದು?”

“ಹೌದು.”

ತಡವರಿಸಲೂ ಇಲ್ಲ! ಅದೇ ಅವಳ ಎದೆಗೆ ಚುಚ್ಚಿತು.

“ಏನಂತ?”

“ಅಜ್ಜಿ ಒಂದು ಹೇಳ್ತಾರೆ, ಮೊಮ್ಮಗಳು ಒಂದು ಹೇಳ್ತಾರೆ ಅಂತ. ಅಜ್ಜಿಗೆ ಮರೆವು ಇದ್ದ ಹಾಗೆ ಕಾಣಲಿಲ್ಲ ಅಂತ.”

“ವಾರವೆಲ್ಲಾ ನನ್ನ ಎದುರಿಗೆ ಕೂತು ನಗ್ತಾ ಇದ್ರಲ್ಲ...” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ನಿಮ್ಮ ಕತ್ತು ನಾನು ಸರಿಮಾಡಿದೆ. ನೀವು... ನೀವು ನನ್ನ ಕತ್ತು ಕುಯ್ದ್ರಿ!”

ಅವನ ಮುಖ ಬಿಳಿಚಿತು.

“ಕೇಳಿ. ನಿಮ್ಮನೆಗೆ ಬಂದ ಸಂಜೇನೇ ವರದಿ ಕೊಟ್ಟಾಗಿತ್ತು. ಹಿಂದೆ ಒಂದು ಸಲ ಕರುಣೆಯಿಂದ ಒಬ್ಬ ಹುಡುಗಿ ಮನೇಲಿ ಇದ್ದ ಆದಾಯಾನ ಇಲ್ಲ ಅಂತ ಬರೆದಿದ್ದೆ. ಗೊತ್ತಾಗಿ ಅವಳ ನೆರವು ಶಾಶ್ವತವಾಗಿ ಹೋಯ್ತು. ಅವಳ ಓದು ನಿಂತಿದ್ದು ನನ್ನಿಂದ. ಅದಕ್ಕೇ ಎರಡನೇ ಭೇಟಿ ಬೇಕು ಅಂತ ಕೇಳಿದೆ. ಇದು ರದ್ದಲ್ಲ, ತಡೆ ಮಾತ್ರ. ಎರಡನೇ ಸಲ ಎಲ್ಲರ ಮಾತೂ ಒಂದೇ ಆದ್ರೆ...”

“ಸರಿ. ಎರಡನೇ ಸಲ ನೀವೇ ಬರ್ತೀರಲ್ಲ? ಕಣ್ಣಾರೆ ನೋಡಿದ್ದೀರಿ. ನಮ್ಮ ಕಷ್ಟ ಗೊತ್ತು.”

ಅವನು ನೆಲ ನೋಡಿದ.

“ಇಲ್ಲ. ನಾನು ಬರಲ್ಲ. ಬೇರೆಯವರನ್ನ ಕಳಿಸಿ ಅಂತ... ನಾನೇ ಕೇಳ್ಕೊಂಡೆ.”

“ನೀವೇ?! ಯಾಕೆ?”

“ಅದನ್ನ ಈಗ ಹೇಳೋ ಹಾಗಿಲ್ಲ.”

ಚೂಟಿ ನಕ್ಕಳು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

“ಹೇಳೋದು ಬೇಡ. ಅರ್ಥವಾಯ್ತು. ಬೆಂಕಿ ಹಚ್ಚಿ ಕೈ ತೊಳ್ಕೊಳ್ತಿದ್ದೀರಿ. ಇನ್ಮೇಲೆ ನನ್ನ ಕಣ್ಣಿಗೆ ಬೀಳಬೇಡಿ!”

ಹಿಂದಿರುಗಿ ನೋಡದೆ ಹೊರಟಳು. ನೋಡಿದ್ದರೆ, ಅವನು ಕರೆಯಲು ಕೈ ಎತ್ತಿ, ಎತ್ತಿದ ಕೈಯನ್ನು ಹಾಗೇ ಇಳಿಸಿದ್ದು ಕಾಣುತ್ತಿತ್ತು.

*

ಎರಡನೇ ಭೇಟಿಯ ದಿನವನ್ನು ಮಾತ್ರ ಮೊದಲೇ ತಿಳಿಸಿದರು. ಬರುವವರು ಕಚೇರಿಯ ಹಿರಿಯ ಪರಿಶೀಲಕಿ, ಕನ್ನಡಕದ ಮೇಡಂ. ಅವರ ಹೆಸರು ಕೇಳಿದರೇ ಹಿರಿಯ ವಿದ್ಯಾರ್ಥಿಗಳು ಕೆನ್ನೆ ಬಡಿದುಕೊಳ್ಳುತ್ತಿದ್ದರು. “ಕಲ್ಲಿನಿಂದ ನೀರು ತೆಗೀಬಹುದು, ಅವರ ಬಾಯಿಂದ ‘ಆಯ್ತು’ ತೆಗೆಯೋಕಾಗಲ್ಲ!”

ಭೇಟಿಯ ಹೊತ್ತು ನೋಡಿ ಚೂಟಿ ತಲೆಗೆ ಕೈಹಚ್ಚಿ ಕೂತಳು. ಅದೇ ಬೆಳಗ್ಗೆ ಅವಳ ಪ್ರಾಯೋಗಿಕ ಪರೀಕ್ಷೆ! ಪರೀಕ್ಷೆ ಬಿಟ್ಟರೆ ಅಂಕ ಹೋಗುತ್ತದೆ, ಅಂಕ ಹೋದರೆ ನೆರವು ಹೋಗುತ್ತದೆ. ಪರೀಕ್ಷೆಗೆ ಹೋದರೆ... ಮನೆಯಲ್ಲಿ ಮೇಡಂ ಎದುರು ಅಜ್ಜಿ ಒಬ್ಬಳೇ. ಅಮ್ಮನಿಗೆ ಕಾರ್ಖಾನೆಯಲ್ಲಿ ಶಾಲೆ ತೆರೆಯುವ ಮುಂಚಿನ ಅವಸರ, ರಜೆ ಕೇಳಿದರೆ ಕೆಲಸವೇ ಹೋಗುವ ಕಾಲ.

ಅತ್ತ ದರಿ, ಇತ್ತ ಪುಲಿ.

ಹಿಂದಿನ ಸಂಜೆ ಅಜ್ಜಿ ಕಿಟಕಿ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಚೂಟಿ ಹೋಗಿ ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡಳು. ಅಜ್ಜಿ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

“ಅಜ್ಜಿ... ತಪ್ಪಾಯ್ತು.”

ಅಜ್ಜಿ ಕಿಟಕಿಯಾಚೆಗೇ ನೋಡುತ್ತಿದ್ದಳು.

“ಹೆದರಿಕೆಯಲ್ಲಿ ಅಂದುಬಿಟ್ಟೆ. ನಿನ್ನ ಬುದ್ಧಿಯಲ್ಲಿ ಕಾಲು ಭಾಗ ನನಗಿದ್ದಿದ್ರೆ ಹಾಗನ್ನುತ್ತಿರಲಿಲ್ಲ.”

“ಸಕ್ಕರೆ ಡಬ್ಬಿ ತೆಗೆದುಕೊಡು ಅಂತ ಅವನಿಗೆ ಹೇಳಿದ್ನಲ್ಲ,” ಅಂದಳು ಅಜ್ಜಿ ಇದ್ದಕ್ಕಿದ್ದ ಹಾಗೆ. ದನಿ ಒರಟಾಗಿತ್ತು. “ಬಂದೋರಿಗೆ ಚಹಾ ಕೊಡದೆ ಕಳಿಸೋದು ಹೇಗೆ ಅಂತ. ಖಾಲಿಯಾಗಿತ್ತು ಅನ್ನೋದು ನೆನಪೇ ಇರಲಿಲ್ಲ. ಅವನು ಡಬ್ಬಿ ಎತ್ತಿದ. ಎತ್ತಿದ ಕೂಡ್ಲೇ ಗೊತ್ತಾಗುತ್ತಲ್ಲ... ಹಗುರ. ಪಕ್ಕದ್ದು ಮುಟ್ಟಿದ. ಅದೂ ಹಾಗೇ. ನನ್ನ ಜೀವ ಬಾಯಿಗೆ ಬಂತು, ಈಗ ಮಾನ ಹೋಗುತ್ತೆ ಅಂತ.”

ಚೂಟಿಯ ಕೈ ನಿಂತಿತು.

“‘ಅಜ್ಜಿ, ನಾನು ಸಕ್ಕರೆ ತಿನ್ನಲ್ಲ, ಹಾಗೇ ಕೊಡಿ’ ಅಂದ. ಅಂದು, ಡಬ್ಬಿ ಇದ್ದಲ್ಲೇ ಇಟ್ಟ. ಎಷ್ಟು ಭಾರ ಇರೋ ಹಾಗೆ ಇಟ್ಟ ಗೊತ್ತಾ? ಎರಡೂ ಕೈಯಲ್ಲಿ!” ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಯಾರೋ ಹೆತ್ತ ಮಗ ನನ್ನ ಮಾನ ಕಾದ. ಅಷ್ಟರಲ್ಲಿ ನನ್ನ ಮೊಮ್ಮಗಳು ಬಂದು ನನ್ನನ್ನ ಹುಚ್ಚಿ ಮಾಡಿದ್ಳು.”

ಚೂಟಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದರೆ ಅವನಿಗೆ ಮೊದಲೇ ಗೊತ್ತಿತ್ತು! ಎಲ್ಲ ಗೊತ್ತಿದ್ದೂ ಒಂದು ಮಾತು ಆಡಿ ಅಜ್ಜಿಯನ್ನು ಸಣ್ಣವಳು ಮಾಡಲಿಲ್ಲ. ‘ಅಂಥವನನ್ನ ನಾನು ಕತ್ತು ಕುಯ್ಯೋನು ಅಂದೆ... ಆದ್ರೂ... ಆದ್ರೂ ನಮ್ಮನ್ನ ಬಿಟ್ಟು ಯಾಕೆ ಹೋದ?’

ಅಜ್ಜಿಯ ಮಡಿಲಿಗೆ ಕುಸಿದು ಅತ್ತಳು. ಅತ್ತು ಸಾಕಾದ ಮೇಲೆ ಮುಖ ಒರೆಸಿಕೊಂಡು ಹೇಳಿದಳು.

“ನಾಳೆ ಅವರು ಬಂದಾಗ ನಿನಗೆ ಏನನ್ನಿಸುತ್ತೋ ಅದನ್ನೇ ಹೇಳು. ನಮಗೇನೂ ಕಮ್ಮಿ ಇಲ್ಲ ಅಂತಾನೇ ಹೇಳು. ನೆರವು ಹೋದ್ರೆ ಹೋಗ್ಲಿ. ಓದು ಬಿಟ್ಟು ಅಮ್ಮನ ಜೊತೆ ಕಾರ್ಖಾನೆಗೆ ಹೋಗ್ತೀನಿ. ನಿನ್ನನ್ನ ಕೈಚಾಚಿಸಿ ನಾನು ಓದಲ್ಲ.”

“ಬಾಯಿಮುಚ್ಚು!” ಅಜ್ಜಿ ಅವಳ ತಲೆಗೊಂದು ಮೊಟಕಿದಳು. “ಜಡೆ ಸಿಕ್ಕಾಗಿದೆ. ನೆಟ್ಟಗೆ ಬಾಚು.”

ನಾಳೆ ಏನು ಹೇಳುತ್ತೇನೆ ಅಂತ ಮಾತ್ರ ಅಜ್ಜಿ ಬಾಯಿಬಿಡಲಿಲ್ಲ.

*

“ಮಗಳೇ, ನಿನ್ನ ಕೈ ಐಸಿನ ಹಾಗಿದೆಯಲ್ಲಮ್ಮಾ!”

ಪರೀಕ್ಷೆಯಲ್ಲಿ ಅವಳ ಪಾಲಿಗೆ ಬಂದ ರೋಗಿ, ಭುಜ ಬಿಗಿದುಕೊಂಡಿದ್ದ ನಿವೃತ್ತ ಲಾರಿ ಚಾಲಕ. ಎದುರಿಗೆ ಇಬ್ಬರು ಪರೀಕ್ಷಕರು. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

‘ಈಗ ಮೇಡಂ ಬಾಗಿಲು ತಟ್ಟಿರ್ತಾರೆ... ಈಗ ಅಜ್ಜಿ ಕೂತ್ಕೊಳ್ಳಿ ಅಂದಿರ್ತಾಳೆ... ಈಗ ವಾಷಿಂಗ್ ಮಷೀನ್ ತೋರಿಸ್ತಿರ್ತಾಳೆ!’

“ಯಾವ ಚಲನೆ ಮೊದಲು ಪರೀಕ್ಷಿಸ್ತೀರಿ?” ಪರೀಕ್ಷಕರ ಪ್ರಶ್ನೆ.

ತಲೆಯೆಲ್ಲ ಖಾಲಿ. ಒಂದು ಕ್ಷಣ... ಎರಡು ಕ್ಷಣ... ಪರೀಕ್ಷಕರು ಪರಸ್ಪರ ಮುಖ ನೋಡಿಕೊಂಡರು.

“ಹೆದರಬೇಡಮ್ಮಾ,” ಚಾಲಕ ಪಿಸುಗುಟ್ಟಿದ. “ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ ಅಂದಾಗ್ಲೂ ಸ್ಟೇರಿಂಗ್ ಮಾತ್ರ ಬಿಡಬಾರದು.”

ಚೂಟಿ ಉಸಿರೆಳೆದುಕೊಂಡಳು. ಮನೆ ಅಜ್ಜಿಯ ಕೈಯಲ್ಲಿದೆ. ಇದು ತನ್ನ ಕೈಯಲ್ಲಿದೆ. ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಆ ಭುಜದ ಮೇಲಿಟ್ಟಳು. ಆಮೇಲೆ ಬಾಯಿ ತಡವರಿಸಲಿಲ್ಲ, ಬೆರಳೂ ತಪ್ಪಲಿಲ್ಲ. ಮುಗಿಯುವ ಹೊತ್ತಿಗೆ ಚಾಲಕನ ತೋಳು ಕಿವಿಯ ಮಟ್ಟಕ್ಕೆ ಎದ್ದಿತ್ತು. “ಏ, ಇದು ನನ್ನ ಕೈಯೇನಾ?” ಅಂತ ಅವನು ಕೂಗಿದಾಗ ಪರೀಕ್ಷಕರೂ ನಕ್ಕರು.

ಮನೆಗೆ ಓಡಿಬಂದರೆ ಮೇಡಂ ಬಂದು ಹೋಗಿಯಾಗಿತ್ತು. ಅಜ್ಜಿ ಕಾಲು ಚಾಚಿ ಕೂತಿದ್ದಳು.

“ಏನು ಕೇಳಿದ್ರು? ಏನು ಹೇಳಿದೆ? ಅಜ್ಜಿ!”

“ಬಂದ್ರು. ಕೂತ್ರು. ಹೋದ್ರು. ಹಸಿವಾಗಿದೆ, ಅನ್ನ ಹಾಕು.”

ಅಷ್ಟೇ. ಇನ್ನೊಂದು ಮಾತು ಬರಲಿಲ್ಲ.

ಮುಂದಿನ ದಿನಗಳು ಹೇಗೆ ಕಳೆದವೋ! ಫೋನ್ ಕುಂಯ್ ಅಂದರೆ ಓಡಿ ನೋಡುತ್ತಿದ್ದಳು. ಪರೀಕ್ಷೆಯ ಫಲಿತಾಂಶ ಬಂತು, ಅಂಕ ದಡ ಮುಟ್ಟಿತ್ತು, ಅದಕ್ಕೂ ಪೂರ್ತಿ ಸಂತೋಷಪಡಲಾಗಲಿಲ್ಲ. ಆಸ್ಪತ್ರೆಯಲ್ಲಿ ಪರದೆ ಸರಿಸುವಾಗಲೆಲ್ಲ ಮಂಚದ ಮೇಲೆ ಉದ್ದನೆಯ ಯಾರೋ ಕತ್ತು ವಾಲಿಸಿ ಕೂತಿರಬಹುದೇ ಅಂತ ಕಣ್ಣು ಹುಡುಕುತ್ತಿತ್ತು. ‘ನಾನೇ ಕಣ್ಣಿಗೆ ಬೀಳಬೇಡಿ ಅಂದೆ. ಬೀಳ್ತಿಲ್ಲ. ಮತ್ತೆ ಯಾಕೆ ಈ ಸಂಕಟ?’

ಕೊನೆಗೊಂದು ಮಧ್ಯಾಹ್ನ ಕಚೇರಿಯಿಂದ ಕರೆ ಬಂತು. ಬನ್ನಿ ಅಂದರು. ಯಾಕೆ ಅಂತ ಹೇಳಲಿಲ್ಲ.

*

ಕನ್ನಡಕದ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಕೂತ್ಕೋ.”

ಚೂಟಿ ಕುರ್ಚಿಯ ಅಂಚಿನಲ್ಲಿ ಕೂತಳು.

“ನಿಮ್ಮಜ್ಜಿ ನನಗೆ ಏನಂದ್ರು ಗೊತ್ತಾ?”

“ಇಲ್ಲ ಮೇಡಂ... ಅವರು ಏನಾದ್ರೂ ಅಂದಿದ್ರೆ ಕ್ಷಮಿಸಿ. ತಪ್ಪು ನಂದು. ಅವರಿಗೆ ಬುದ್ಧಿ ಸರಿಯಾಗೇ ಇದೆ, ಮರೆವು ಅಂದಿದ್ದು ನನ್ನ ಸುಳ್ಳು.”

ಮೇಡಂ ಹುಬ್ಬು ಏರಿಸಿದರು. “ನೀನಾಗೇ ಹೇಳಿದ್ದು ಒಳ್ಳೇದಾಯ್ತು. ಬಾಗಿಲು ತೆಗೆದ ಕೂಡ್ಲೇ ಆಕೆ ಅಂದ್ರು, ‘ಮೊದಲು ಬಂದ ಹುಡುಗನಿಗೆ ನಾನು ಹೇಳಿದ್ದೆಲ್ಲಾ ಸುಳ್ಳು. ಮೊಮ್ಮಗಳು ಹೇಳಿದ್ರಲ್ಲಿ ಒಂದೇ ಸುಳ್ಳು, ನನಗೆ ಮರೆವು ಅನ್ನೋದು. ಲೆಕ್ಕ ಚುಕ್ತಾ ಆಯ್ತಾ?’ ಅಂತ.”

ಚೂಟಿಗೆ ನಗು ಅಳು ಒಟ್ಟಿಗೇ ಬಂತು.

“ಆಮೇಲೆ ನನ್ನನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ ಒಂದೊಂದೇ ಡಬ್ಬಿ ತೆಗೆದು ತೋರಿಸಿದ್ರು. ‘ಯಾಕಮ್ಮಾ ಮೊದಲೇ ಹೇಳಲಿಲ್ಲ?’ ಅಂದೆ. ‘ಇಲ್ಲ ಅಂತ ಬಾಯಿಬಿಟ್ಟು ಹೇಳದೇನೇ ಇಷ್ಟು ವರ್ಷ ಬದುಕಿದ್ದೆ. ನನ್ನ ಮರ್ಯಾದೆಗೋಸ್ಕರ ಮೊಮ್ಮಗಳು ಓದು ಬಿಡ್ತೀನಿ ಅಂದ್ಳು. ಅಷ್ಟು ದುಬಾರಿ ಮರ್ಯಾದೆ ನಮ್ಮಂಥೋರಿಗೆ ಯಾಕಮ್ಮಾ?’ ಅಂದ್ರು.” ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಧೂಳೇನೂ ಅದರ ಮೇಲೆ ಇರಲಿಲ್ಲ. “ನೆರವು ಮುಂದುವರಿಯುತ್ತೆ. ಅಂಕ ಹೀಗೇ ಇರ್ಲಿ.”

“ಮೇಡಂ...!” ಕೈಮುಗಿದಳು.

ಬಾಗಿಲ ಬಳಿ ಹೋದವಳು ತಿರುಗಿದಳು. ಕೇಳಬಾರದು ಅಂದುಕೊಂಡರೂ ಬಾಯಿ ಕೇಳಲಿಲ್ಲ.

“ಮೊದಲು ಬಂದಿದ್ದೋರು... ಎರಡನೇ ಸಲ ಯಾಕೆ ಬರಲಿಲ್ಲ ಮೇಡಂ?”

“ನಾನೂ ಅದನ್ನೇ ಕೇಳಿದೆ,” ಅಂದರು ಮೇಡಂ. “ಇಷ್ಟು ವರ್ಷದಲ್ಲಿ ಯಾವ ಮನೆಗೂ ಹೋಗಲ್ಲ ಅಂದೋನಲ್ಲ ಅವನು. ಕಾರಣ ಹೇಳಿದ. ನನ್ನ ಬಾಯಿಂದ ಯಾಕೆ? ಹಿಂದಿನ ಮೆಟ್ಟಿಲ ಹತ್ರ ಇರ್ತಾನೆ ಈ ಹೊತ್ತಲ್ಲಿ. ಹೋಗಿ ಕೇಳು.”

*

ಹಿಂದಿನ ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಅವನು ಊಟದ ಡಬ್ಬಿ ಪಕ್ಕಕ್ಕಿಟ್ಟು ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ಅವಳೇ ಹೇಳಿಕೊಟ್ಟ ವ್ಯಾಯಾಮ. ಪೂರ್ತಿ ತಪ್ಪಾಗಿ ಮಾಡುತ್ತಿದ್ದ!

“ಭುಜ ಇಳಿಸಿ,” ಅಂದಳು ಚೂಟಿ.

ಅವನು ದಡಬಡಿಸಿ ಎದ್ದ. “ನೀವು...! ಏನಾಯ್ತು? ನೆರವು...?”

“ಮುಂದುವರೀತು.”

ಅವನು ಕಣ್ಣು ಮುಚ್ಚಿ ಒಂದು ಉದ್ದ ಉಸಿರು ಬಿಟ್ಟ. ಪರೀಕ್ಷೆ ಬರೆದಿದ್ದು ಅವನೇ ಏನೋ ಅನ್ನುವಂಥ ಉಸಿರು.

“ನಾನು ಅವತ್ತು ಬಾಯಿಗೆ ಬಂದ ಹಾಗೆ ಅಂದೆ,” ಅಂದಳು ಅವಳು. “ಅಜ್ಜಿ ಎಲ್ಲಾ ಹೇಳಿದ್ಳು, ನೀವು ಡಬ್ಬಿ ಇಟ್ಟ ರೀತಿ. ಕ್ಷಮಿಸ್ತೀರಾ?”

“ನಿಮ್ಮ ಜಾಗದಲ್ಲಿ ನಾನಿದ್ರೆ ಕೊಡೇಲಿ ಹೊಡೀತಿದ್ದೆ.”

“ನಗಿಸಬೇಡಿ. ಒಂದು ಪ್ರಶ್ನೆ ಇದೆ.” ಅವಳು ಅವನ ಎದುರಿಗೇ ನಿಂತಳು. “ಎರಡನೇ ಸಲ ಯಾಕೆ ಬರಲ್ಲ ಅಂದ್ರಿ?”

ಅವನು ಊಟದ ಡಬ್ಬಿಯ ಮುಚ್ಚಳ ಬಿಗಿಮಾಡಿದ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನ ಇಳಿದು, ಮತ್ತೆ ಹೊರಟಿತು.

“ನಮ್ಮ ಕೆಲಸಕ್ಕೆ ಒಂದು ನಿಯಮ ಇದೆ. ಪರಿಶೀಲನೆಗೆ ಹೋಗೋನಿಗೆ ಆ ಮನೆಯವರು ಯಾರೂ... ಬೇಕಾದವರಾಗಿರಬಾರದು. ಮೊದಲ ಸಲ ಬಂದಾಗ ಹಾಗೇನೂ ಇರಲಿಲ್ಲ. ಆಮೇಲೆ ಆಸ್ಪತ್ರೆಗೆ ಬಂದೆ. ದಿನಾ ಬಂದೆ. ಕತ್ತು ನೋವು ಹೋದ್ಮೇಲೂ ಬಂದೆ...”

ಚೂಟಿ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು.

“ಎರಡನೇ ಭೇಟಿಗೆ ನೀನೇ ಹೋಗು ಅಂದಾಗ ಮೇಡಂಗೆ ನಿಜ ಹೇಳಿಬಿಟ್ಟೆ. ಆ ಹುಡುಗಿ ವಿಷಯದಲ್ಲಿ ನಾನು ನ್ಯಾಯವಾಗಿ ಬರೆಯೋ ಸ್ಥಿತಿಯಲ್ಲಿಲ್ಲ ಅಂತ. ನಾನು ಬಂದು ಒಳ್ಳೇದು ಬರೆದು, ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ನಿಮ್ಮ ಓದು ಹೋಗ್ತಿತ್ತು. ಅದಕ್ಕೆ ದೂರ ನಿಂತೆ. ನಿಮಗೆ ಹೇಳೋ ಹಾಗೂ ಇರಲಿಲ್ಲ. ನಿರ್ಧಾರ ಆಗೋ ಮುಂಚೆ ಹೇಳಿದ್ರೆ... ಅದು ನಿಮ್ಮನ್ನ ಕಟ್ಟಿಹಾಕಿದ ಹಾಗೆ. ನಿಮ್ಮ ಭವಿಷ್ಯ ನಮ್ಮ ಕಚೇರಿ ಕೈಯಲ್ಲಿರೋವಾಗ ನಾನು ಪ್ರೀತಿ ಅಂತ ಬಂದ್ರೆ, ಬೇಡ ಅನ್ನೋ ಧೈರ್ಯ ನಿಮಗೆ ಎಲ್ಲಿಂದ ಬರುತ್ತೆ?”

ಪ್ರೀತಿ! ಆ ಮಾತು ತನ್ನ ಬಾಯಿಂದ ಜಾರಿದ್ದು ಅವನಿಗೇ ತಡವಾಗಿ ಗೊತ್ತಾಯಿತು. ಮುಖ ಕೆಂಪೇರಿತು.

ಚೂಟಿಯ ಕಣ್ಣು ತುಂಬಿ ಬಂತು. ತನ್ನನ್ನು ಬಿಟ್ಟು ಹೋದ ಅಂದುಕೊಂಡಿದ್ದಳು. ತನಗಾಗಿಯೇ ಹಿಂದೆ ಸರಿದಿದ್ದ.

“ಈಗ ಬೇಡ ಅನ್ನಬಹುದಾ ನಾನು?” ಅಂದಳು ಮೆಲ್ಲಗೆ.

ಅವನ ಮುಖ ಇಳಿಯಿತು. ಆದರೂ ನೇರ ನೋಡಿದ. “ಖಂಡಿತ ಅನ್ನಬಹುದು. ನಿಮ್ಮ ನೆರವಿಗೂ ನನಗೂ ಇನ್ನು ಸಂಬಂಧ ಇಲ್ಲ. ನನಗೆ ಬೇರೆ ಭಾಗ ಕೊಟ್ಟಿದ್ದಾರೆ, ನಿಮ್ಮ ಕಾಲೇಜಿನ ಯಾರ ಮನೆಗೂ ನಾನು ಹೋಗಲ್ಲ.”

“ಹಾಗಾದ್ರೆ ಬೇಡ ಅನ್ನಲ್ಲ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ದೊಪ್ಪನೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು.

“ಆದ್ರೆ ಈಗಲೇ ಹೇಳಿಬಿಡ್ತೀನಿ,” ಕಣ್ಣೊರೆಸಿಕೊಳ್ಳುತ್ತಾ ಬೆರಳು ಎತ್ತಿದಳು. “ನನಗೆ ಓದೋದು ತುಂಬಾ ಇದೆ. ಅಂಕ ಇಳಿದ್ರೆ ನೆರವು ಹೋಗುತ್ತೆ. ಪರೀಕ್ಷೆ ಹತ್ರ ಬಂದಾಗ ಸಿಗೋದೇ ಇಲ್ಲ. ಕೋಪ ಮಾಡ್ಕೋಬಾರದು.”

“ಪುಸ್ತಕ ನೋಡಿ ಪ್ರಶ್ನೆ ನಾನೇ ಕೇಳ್ತೀನಿ. ಉತ್ತರ ನೀವು ಹೇಳಿ.”

“ಸ್ನಾಯುಗಳ ಹೆಸರು ಹೇಳೋಕೆ ನಾಲಿಗೆ ತಿರುಗಬೇಕಲ್ಲ!”

“ಕಲಿಸಿಕೊಡಿ.”

ಅವಳು ನಕ್ಕಳು. ಅವನ ಕೈ ಅವಳ ಕೈಯ ಹತ್ತಿರ ಬಂದು, ಮುಟ್ಟಲೋ ಬೇಡವೋ ಎಂದು ನಿಂತಿತು. ಅವಳೇ ಹಿಡಿದಳು.

“ನಾಳೆ ಸಂಜೆ ಕಾಲೇಜಿನ ಗೇಟಿನ ಹತ್ರ... ಬರ್ತೀರಾ?” ಅಂದ ಅವನು.

“‘ಬರ್ತೀರಾ’ ಅಂದ್ರೆ ಬರಲ್ಲ.”

ಅವನು ಗೊಂದಲದಿಂದ ನೋಡಿದ. ಅವಳು ತುಟಿ ಕಚ್ಚಿಕೊಂಡು ರಸ್ತೆ ಕಡೆ ನೋಡುತ್ತಿದ್ದಳು. ಕಿವಿ ಕೆಂಪಾಗಿತ್ತು.

“ನಾಳೆ...” ಅವನೂ ರಸ್ತೆ ಕಡೆಗೇ ತಿರುಗಿದ. “ಬರ್ತೀಯಾ?”

“ಬರ್ತೀನಿ ಕಣೋ.”